6 ವರ್ಷ / 1.6 ಲಕ್ಷ ಕಿ.ಮೀ. ವಾರಂಟಿ: ಸಣ್ಣಕ್ಷರದಲ್ಲಿ ಏನೇನು ಅಡಗಿದೆ?

ಪ್ರಶ್ನೆ: ತುಮಕೂರು_ಟು_ಬೆಂಗ್ಳೂರು

ಪೆಟ್ರೋಲ್ ಎಎಂಟಿ (ಕ್ಲಚ್ ಪೆಡಲ್ ಇಲ್ಲದ, ಗೇರು ತಾನೇ ಬದಲಾಗುವ) ಹ್ಯಾಚ್‌ಬ್ಯಾಕ್ ಬುಕ್ ಆಗಿದೆ. ಕಂಪನಿ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿ.ಮೀ. ದುಡ್ಡು ಕಟ್ಟಿ ಇನ್ನೂ 3 ವರ್ಷ ಸೇರಿಸಿಕೊಂಡರೆ ಒಟ್ಟು 6 ವರ್ಷ ಅಥವಾ 1.6 ಲಕ್ಷ ಕಿ.ಮೀ. "ಬಂಪರ್ ಟು ಬಂಪರ್ ಸರ್, ಆರು ವರ್ಷ ಚಿಂತೆಯಿಲ್ಲ" ಅನ್ನುವುದು ಶೋರೂಮಿನವರ ಮಾತು, ಅಂದರೆ ಕಾರಿನ ಎಲ್ಲ ಭಾಗವೂ ಒಳಗೆ ಅಂತ. ಕೈಗೆ ಕೊಟ್ಟ ಹಾಳೆಯಲ್ಲಿ ಮಾತ್ರ ಇರುವೆ ಸಾಲಿನಂಥ ಅಕ್ಷರ. ಓಟ ದಿನಕ್ಕೆ 140 ಕಿ.ಮೀ., ತಿಂಗಳಿಗೆ ಸುಮಾರು 3,000.

ತಿಳಿಯಬೇಕಾದ್ದು ಇಷ್ಟು: ಈ ಆರು ವರ್ಷವೂ ಒಂದೇ ರಕ್ಷಣೆಯಾ? ಕ್ಲಚ್, ಸಸ್ಪೆನ್ಷನ್, ಎಸಿ ಇವು ಒಳಗೋ ಹೊರಗೋ? ಹೊರಗಡೆ ಡ್ಯಾಶ್‌ಕ್ಯಾಮ್ ಹಾಕಿಸಿದರೆ, ಪರಿಚಯದ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿದರೆ ವಾರಂಟಿ ಹೋಗುತ್ತದಾ? ಕ್ಲೇಮ್ ತಿರಸ್ಕಾರವಾದರೆ ಯಾರ ಬಾಗಿಲು ತಟ್ಟಬೇಕು?

ಉತ್ತರ 1: ಜಾಬ್‌ಕಾರ್ಡ್

ಮೊದಲು ಲೆಕ್ಕ. ವರ್ಷ, ಕಿ.ಮೀ. ಎರಡರಲ್ಲಿ "ಯಾವುದು ಮೊದಲೋ ಅದು" ಅನ್ನುವ ಮೂರು ಪದ ನಿಮ್ಮ ಓಟಕ್ಕೆ ದುಬಾರಿ. ತಿಂಗಳಿಗೆ 3,000 ಅಂದರೆ 1 ಲಕ್ಷ ಕಿ.ಮೀ. 33ನೇ ತಿಂಗಳ ಹೊತ್ತಿಗೆ ಮುಗಿಯುತ್ತದೆ, 1.6 ಲಕ್ಷ 53ನೇ ತಿಂಗಳಿಗೆ. ಆರು ವರ್ಷಕ್ಕೆ ದುಡ್ಡು ಕೊಟ್ಟು ನಾಲ್ಕೂವರೆ ವರ್ಷದ ವಾರಂಟಿ ಕೊಳ್ಳುತ್ತಿದ್ದೀರಿ. ಹಾಗಂತ ಬೇಡ ಅನ್ನುತ್ತಿಲ್ಲ. ನಿಮ್ಮ ಓಟಕ್ಕೆ 4ನೇ, 5ನೇ, 6ನೇ ವರ್ಷದ ಪ್ಯಾಕೇಜುಗಳ ಕಿ.ಮೀ. ಮಿತಿ ಬೇರೆ ಬೇರೆ ಕೇಳಿ, ಪ್ರತಿ 10,000 ಕಿ.ಮೀ.ಗೆ ಎಷ್ಟು ಬೀಳುತ್ತದೆ ಅಂತ ಹೋಲಿಸಿ. ಹೇಳಿದ ಬೆಲೆಯಲ್ಲಿ 18% ಜಿಎಸ್‌ಟಿ ಸೇರಿದೆಯೋ ಇಲ್ಲವೋ ಅದನ್ನೂ ಕೇಳಿ.

ಎರಡನೆಯದು, ಇದು ಒಂದು ವಾರಂಟಿ ಅಲ್ಲ. ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದ ಎರಡು ಕರಾರು. ಮೊದಲನೆಯದು ಕಾರಿನ ಜೊತೆ ಬರುವ ತಯಾರಕರ ವಾರಂಟಿ: ಸಾಮಗ್ರಿ ಅಥವಾ ತಯಾರಿಕೆಯ ದೋಷವಿದ್ದರೆ ರಿಪೇರಿ ಇಲ್ಲವೇ ಬದಲಿ, ಯಾವುದು ಅನ್ನುವ ಆಯ್ಕೆ ಅವರದು. ಎರಡನೆಯದು ಎಕ್ಸ್‌ಟೆಂಡೆಡ್ ವಾರಂಟಿ. ಅದಕ್ಕೆ ತನ್ನದೇ ಷರತ್ತು, ತನ್ನದೇ ಹೊರಗಿಡುವ ಪಟ್ಟಿ. ಮೊದಲ ಮೂರು ವರ್ಷ ಪುಕ್ಕಟೆ ಬದಲಾದ ಭಾಗ ನಾಲ್ಕನೇ ವರ್ಷ ಆ ಪಟ್ಟಿಯಲ್ಲಿ ಕೂತಿರಬಹುದು. "ಬಂಪರ್ ಟು ಬಂಪರ್" ಎಂಬ ಮಾತು ಯಾವ ಕರಾರಿನಲ್ಲೂ ಇರುವುದಿಲ್ಲ, ಹುಡುಕಿ ನೋಡಿ.

ಎಕ್ಸ್‌ಟೆಂಡೆಡ್ ಯಾರದು ಅನ್ನುವುದು ಇನ್ನೂ ಮುಖ್ಯ. ತಯಾರಕರದೇ ಆದರೆ ದೇಶದ ಯಾವ ಅಧಿಕೃತ ವರ್ಕ್‌ಶಾಪಿನಲ್ಲೂ ನಡೆಯುತ್ತದೆ, ಚಾಸಿ ನಂಬರ್ ಹಾಕಿದರೆ ಸಿಸ್ಟಮ್‌ನಲ್ಲಿ ಕಾಣುತ್ತದೆ. ಡೀಲರ್ ತಾನೇ ಮಾರುವ, ಹಿಂದೆ ವಿಮಾ ಕಂಪನಿ ನಿಂತಿರುವ ಪ್ಯಾಕೇಜ್ ಆದರೆ ಕ್ಲೇಮಿಗೆ ಇಷ್ಟೇ ಎಂಬ ಮಿತಿ, ಬಿಡಿಭಾಗದ ಮೇಲೆ ಸವಕಳಿ ಕಡಿತ, ಕೊಟ್ಟ ಡೀಲರ್ ಬಳಿಗೇ ಬರಬೇಕೆಂಬ ಷರತ್ತು ಇರಬಹುದು. ದುಡ್ಡು ಕಟ್ಟಿದ ವಾರದೊಳಗೆ ತಯಾರಕರ ಆ್ಯಪ್‌ನಲ್ಲಿ ಸರ್ಟಿಫಿಕೇಟ್ ಬಂದಿದೆಯಾ ನೋಡಿ. ಬಂದಿಲ್ಲವೆಂದರೆ ನಿಮ್ಮ ಕೈಯಲ್ಲಿರುವುದು ಡೀಲರ್‌ನ ರಸೀದಿ ಮಾತ್ರ.

ಅದೇ ಹೊತ್ತಿಗೆ ವಾರಂಟಿ ಶುರುವಾದ ದಿನಾಂಕವನ್ನೂ ಪರೀಕ್ಷಿಸಿ. ತಿಂಗಳ ಟಾರ್ಗೆಟ್ ಮುಟ್ಟಿಸಲು ಕಾರನ್ನು ಮೊದಲೇ ಬಿಲ್ ಮಾಡಿ, ಡೆಲಿವರಿ ತಡವಾಗಿ ಕೊಡುವುದುಂಟು, ವಾರಂಟಿ ಬಿಲ್ಲಿನ ದಿನದಿಂದಲೇ ಓಡುತ್ತಿರಬಹುದು. ಶೋರೂಮಿನವರು ಓಡಿಸಿ ತೋರಿಸುವ ಡೆಮೊ ಕಾರಾದರೆ ಆ ದಿನಾಂಕ ಇನ್ನೂ ಹಿಂದಕ್ಕೆ ಹೋಗಿರಬಹುದು.

ತಕ್ಷಣವೇ ಕೊಳ್ಳಬೇಕು ಅಂತಲೂ ಇಲ್ಲ. ಸಾಮಾನ್ಯವಾಗಿ ಮೂಲ ವಾರಂಟಿ ಜೀವಂತ ಇರುವವರೆಗೆ ಅವಕಾಶ ಇರುತ್ತದೆ, ತಡವಾದಷ್ಟೂ ಬೆಲೆ ಏರುತ್ತದೆ. ಆದರೆ ಎಚ್ಚರ: ನಿಮ್ಮ ಮೂಲ ವಾರಂಟಿ ಸಾಯುವುದು 36ನೇ ತಿಂಗಳಲ್ಲಲ್ಲ, 33ರಲ್ಲಿ. "ಇನ್ನೂ ಮೂರು ತಿಂಗಳಿದೆ" ಅಂದುಕೊಂಡವರು ಓಡೋಮೀಟರ್ ನೋಡಿರುವುದಿಲ್ಲ.

ಉತ್ತರ 2: ಕರಾವಳಿ_ಸ್ಪ್ಯಾನರ್

ಭಾಗಗಳ ವಿಷಯಕ್ಕೆ ಬರುತ್ತೇನೆ. ವಾರಂಟಿ ಪುಸ್ತಕದಲ್ಲಿ ಮೊದಲು ಓದಬೇಕಾದ್ದು "ಸಹಜ ಸವೆತ" ಅನ್ನುವ ಪ್ಯಾರಾ. ಬ್ರೇಕ್ ಪ್ಯಾಡ್, ವೈಪರ್, ಬಲ್ಬ್, ಫ್ಯೂಸ್, ಫಿಲ್ಟರ್, ಸ್ಪಾರ್ಕ್ ಪ್ಲಗ್, ಬೆಲ್ಟು ಇದರಲ್ಲಿ ಹೋಗುತ್ತವೆ, ಅದರಲ್ಲಿ ತಕರಾರಿಲ್ಲ. ಟೈರು ಮತ್ತು 12 ವೋಲ್ಟ್ ಬ್ಯಾಟರಿಗೆ ಅದದರ ತಯಾರಕರದೇ ಪ್ರತ್ಯೇಕ ವಾರಂಟಿ.

ಜಗಳ ಹುಟ್ಟುವುದು ಕ್ಲಚ್ಚಿನಲ್ಲಿ. ನಿಮ್ಮದು ಎಎಂಟಿ. ಗೇರು ಹಾಕುವ ಆ್ಯಕ್ಚುಯೇಟರ್ ಮತ್ತು ಅದರ ಕಂಟ್ರೋಲ್ ಯೂನಿಟ್ ವಾರಂಟಿಯೊಳಗೆ, ಕ್ಲಚ್ ಪ್ಲೇಟ್ ಹೊರಗೆ. ಕಾರು ಎಳೆಯುತ್ತಿಲ್ಲ ಅಂತ ಒಯ್ದರೆ ಎರಡರಲ್ಲಿ ಯಾವುದು ಕೆಟ್ಟಿದೆ ಅನ್ನುವುದರ ಮೇಲೆ ಪೂರ್ತಿ ಬಿಲ್ ನಿಂತಿದೆ. ಅದು ಗೊತ್ತಾಗಲು ಗೇರ್‌ಬಾಕ್ಸ್ ಇಳಿಸಬೇಕು. ಇಳಿಸುವ ಮೊದಲು ಒಂದು ಕಾಗದಕ್ಕೆ ಸಹಿ ಕೇಳುತ್ತಾರೆ: ದೋಷ ವಾರಂಟಿಯಲ್ಲಿ ಬರದಿದ್ದರೆ ಬಿಚ್ಚುವ, ಜೋಡಿಸುವ ಕೂಲಿ ಗ್ರಾಹಕರದು. ಸಹಿ ಹಾಕುವ ಮುಂಚೆ ಆ ಕೂಲಿ ಎಷ್ಟೆಂದು ಅಂಕಿಯಲ್ಲಿ ಬರೆಸಿಕೊಳ್ಳಿ. ಬಿಚ್ಚಿದ ಮೇಲೆ ಕರೆಯಲು ಹೇಳಿ, ಪ್ಲೇಟಿನ ದಪ್ಪ ಅಳೆದು ಫೋಟೊ ತೆಗೆಯಿರಿ. ಪ್ಲೇಟಿನಲ್ಲಿ ಇನ್ನೂ ದಪ್ಪ ಇದ್ದು ಆಯಿಲ್ ಅಂಟಿದ್ದರೆ ಅದು ಸವೆತವಲ್ಲ. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಸೋರಿ ಕ್ಲಚ್ ಹಾಳಾಗಿದೆ, ಮೂಲ ಕಾರಣ ಸೀಲು. ಕ್ಲೇಮನ್ನು ಸೀಲಿನ ಹೆಸರಿನಲ್ಲೇ ಕೇಳಬೇಕು.

ಸಸ್ಪೆನ್ಷನ್: ಶಾಕ್ ಅಬ್ಸಾರ್ಬರ್ ಆಯಿಲ್ ಸೋರಿದರೆ ದೋಷ, "ಮೆತ್ತಗಾಗಿದೆ" ಅಂದರೆ ಸವೆತ. ರಬ್ಬರ್ ಬುಷ್, ಸ್ಟೆಬಿಲೈಸರ್ ಲಿಂಕ್‌ನಂಥ ಸಾಮಾನುಗಳನ್ನು ಎಷ್ಟೋ ಎಕ್ಸ್‌ಟೆಂಡೆಡ್ ಕರಾರುಗಳು ಕೈಬಿಡುತ್ತವೆ. ನಮ್ಮ ಗುಂಡಿ ರಸ್ತೆಗಳಲ್ಲಿ ಮೊದಲು ಸದ್ದು ಮಾಡುವುದು ಅವೇ, ಅದಕ್ಕೇ ಇರಬೇಕು. ಎಸಿ: ಗಾಳಿ ತಂಪು ಮಾಡುವ ಒಳಗಿನ ಇವ್ಯಾಪರೇಟರ್ ತಾನಾಗಿ ಸೋರಿದರೆ ಕ್ಲೇಮ್. ಶಾಖ ಹೊರಬಿಡಲು ಕಾರಿನ ಮುಂಭಾಗದಲ್ಲಿರುವ ಕಂಡೆನ್ಸರಿಗೆ ಕಲ್ಲು ಬಡಿದ ಗುರುತಿದ್ದರೆ ಹೊರಗಿನ ಪೆಟ್ಟು, ವಿಮೆಯ ಬಾಬತ್ತು. ಬರೀ ಗ್ಯಾಸ್ ತುಂಬಿಸುವುದು ಎಲ್ಲೂ ಸೇರುವುದಿಲ್ಲ, ಸೋರಿಕೆ ರಿಪೇರಿಯ ಭಾಗವಾಗಿ ಬಂದರಷ್ಟೇ ಕೇಳಬಹುದು.

ಬಣ್ಣ ಮತ್ತು ತುಕ್ಕು ಎಕ್ಸ್‌ಟೆಂಡೆಡ್‌ನಲ್ಲಿ ಬಹುತೇಕ ಇರುವುದೇ ಇಲ್ಲ. ಮಂಗಳೂರು, ಉಡುಪಿ, ಕಾರವಾರದವರು ಇದನ್ನು ಎರಡು ಸಲ ಓದಿಕೊಳ್ಳಿ: ಉಪ್ಪುಗಾಳಿಯನ್ನು "ಪರಿಸರದ ಕಾರಣ" ಅಂತ ಮೂಲ ವಾರಂಟಿಯಲ್ಲೂ ಹೊರಗಿಟ್ಟಿರುತ್ತಾರೆ. ಇಲಿ ಕಡಿದ ವೈರಿಂಗೂ ವಾರಂಟಿಯಲ್ಲಿಲ್ಲ.

ಮಳೆಗಾಲದ್ದು ಬೇರೆಯೇ ಕಥೆ. ಅಂಡರ್‌ಪಾಸಿನ ನೀರಿನಲ್ಲಿ ಎಂಜಿನ್ ನಿಂತಾಗ ಮತ್ತೆ ಸ್ಟಾರ್ಟ್ ಮಾಡಬೇಡಿ. ಏರ್ ಇನ್‌ಟೇಕಿನಿಂದ ಸಿಲಿಂಡರಿಗೆ ನುಗ್ಗಿದ ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಪಿಸ್ಟನ್ ಅದನ್ನು ಒತ್ತಲು ಹೋದಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ವಾರಂಟಿ ಕೊಡುವುದಿಲ್ಲ, ಸಾದಾ ವಿಮೆಯೂ ಕೈಯೆತ್ತಬಹುದು. ಅದಕ್ಕೆ "ಎಂಜಿನ್ ಪ್ರೊಟೆಕ್ಟ್" ಎಂಬ ಆ್ಯಡ್-ಆನ್ ವಿಮೆ ಬೇಕು.

ತುಮಕೂರು_ಟು_ಬೆಂಗ್ಳೂರು

ಬಿಚ್ಚುವ ಕೂಲಿಯ ಬಗ್ಗೆ ಯಾರೂ ಹೇಳಿರಲಿಲ್ಲ. ಹಾಗಾದರೆ ಡ್ಯಾಶ್‌ಕ್ಯಾಮ್, ಹೊರಗಿನ ಆಯಿಲ್ ಚೇಂಜ್?

ಉತ್ತರ 3: ಫ್ಯೂಸ್_ಬಾಕ್ಸ್

ಡ್ಯಾಶ್‌ಕ್ಯಾಮ್‌ನಿಂದ "ವಾರಂಟಿ ಪೂರ್ತಿ ರದ್ದು" ಅನ್ನುವುದು ಸರ್ವಿಸ್ ಅಡ್ವೈಸರ್‌ಗಳ ಹೆದರಿಕೆಯ ಮಾತು. ಬಹುತೇಕ ಪುಸ್ತಕಗಳಲ್ಲಿ ಇರುವುದು, ಹೊರಗಿನ ಸಾಮಾನಿನಿಂದ ಉಂಟಾದ ಹಾನಿಗೆ ರಕ್ಷಣೆ ಇಲ್ಲ ಅಂತ. ಆದರೆ ವೈರ್ ಕತ್ತರಿಸಿ ಟೇಪ್ ಸುತ್ತಿದ್ದರೆ ಆ ಹಾರ್ನೆಸ್‌ಗೆ (ವೈರಿನ ಕಟ್ಟಿಗೆ) ಸೇರಿದ ಯಾವ ದೋಷವನ್ನೂ ಅದರ ತಲೆಗೇ ಕಟ್ಟುತ್ತಾರೆ. 12 ವೋಲ್ಟ್ ಸಾಕೆಟ್ಟಿನಿಂದ ಕರೆಂಟ್ ತೆಗೆಯಿರಿ. ಇಲ್ಲವೇ ಫ್ಯೂಸಿನ ಜಾಗಕ್ಕೇ ಸಿಕ್ಕಿಸಿ ಕರೆಂಟ್ ಪಡೆಯುವ ಫ್ಯೂಸ್ ಟ್ಯಾಪ್ ಬಳಸಿ, ಕಾರಿನ ಒಂದು ವೈರಿನ ಸಿಪ್ಪೆಯನ್ನೂ ಸುಲಿಯಬೇಡಿ. ಕ್ಲೇಮಿಗೆ ಹೋಗುವ ಮುಂಚೆ ಎರಡೇ ನಿಮಿಷದಲ್ಲಿ ಬಿಚ್ಚಿಡಬಹುದು.

ನಿಜವಾಗಿ ಮುಳುಗಿಸುವುದು ಬಲ್ಬು. 60/55 ವ್ಯಾಟಿನ ಎಚ್4 ಹೆಡ್‌ಲೈಟ್ ಬಲ್ಬಿನ ಜಾಗಕ್ಕೆ 100/90 ಹಾಕಿದರೆ ಕರೆಂಟ್ ಸುಮಾರು 5 ಆಂಪಿಯರಿನಿಂದ 8ಕ್ಕೆ ಏರಿ ಹೋಲ್ಡರ್ ಕರಗುತ್ತದೆ. ಕರಗಿದ ಪ್ಲಾಸ್ಟಿಕ್ ಮುಂದೆ ಯಾವ ವಾದವೂ ನಿಲ್ಲದು. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ರಿಮ್ಯಾಪ್ ಮಾಡಿಸಿದರೆ, ಅಂದರೆ ಅದರ ಪ್ರೋಗ್ರಾಂ ಬದಲಿಸಿದರೆ, ಎಂಜಿನ್, ಗೇರ್‌ಬಾಕ್ಸ್ ಕ್ಲೇಮ್ ಮರೆತುಬಿಡಿ. ಮತ್ತೆ ಕಂಪನಿಯ ಮೂಲ ಪ್ರೋಗ್ರಾಂಗೆ ತಂದರೂ ಎಷ್ಟೋ ಇಸಿಯುಗಳು ಪ್ರೋಗ್ರಾಂ ಬರೆದ ಎಣಿಕೆಯನ್ನು ಇಟ್ಟುಕೊಂಡಿರುತ್ತವೆ.

ಆಯಿಲ್: 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ (ಸಿಸಿಐ) 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶದಲ್ಲಿ, ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದೆಂಬ ಷರತ್ತು ಹಾಕಬಾರದು, ಆ ರಿಪೇರಿಯ ತಪ್ಪಿನಿಂದಾದ ಹಾನಿಗಷ್ಟೇ ನಿರಾಕರಿಸಬಹುದು ಎಂದಿತ್ತು. ಆಮೇಲೆ ಅದು ಮೇಲ್ಮನವಿಗಳಲ್ಲಿ ಸಿಕ್ಕಿಕೊಂಡಿತು. ಅದನ್ನೇ ನೆಚ್ಚಿಕೊಂಡು ಹೊರಗೆ ಆಯಿಲ್ ಹಾಕಿಸುವುದು ಜಾಣತನವಲ್ಲ. ಕರಾರಿನಲ್ಲಿ "ನಿಗದಿತ ಸರ್ವಿಸ್ ಎಲ್ಲವೂ ಅಧಿಕೃತ ವರ್ಕ್‌ಶಾಪಿನಲ್ಲಿ" ಎಂದಿದ್ದರೆ 1.6 ಲಕ್ಷ ಕಿ.ಮೀ. ತನಕ ಪಾಲಿಸಿ. 10,000ಕ್ಕೊಂದು ಅಂದರೂ ನಿಮಗೆ ಮೂರು ತಿಂಗಳು ಹತ್ತು ದಿನಕ್ಕೊಂದು ಸರ್ವಿಸ್ ಬೀಳುತ್ತದೆ. "ವರ್ಷಕ್ಕೊಂದು" ಎಂಬ ಎಸ್ಸೆಮ್ಮೆಸ್ ನಂಬಿದರೆ ಕಿ.ಮೀ. ದಾಟಿರುತ್ತದೆ. ಎಷ್ಟು ಕಿ.ಮೀ. ಅಥವಾ ದಿನ ತಡವಾದರೆ ನಡೆಯುತ್ತದೆ ಅನ್ನುವುದೂ ಪುಸ್ತಕದಲ್ಲಿ ಇರುತ್ತದೆ, ಗುರುತು ಹಾಕಿಕೊಳ್ಳಿ. ಜೊತೆಗೆ "ಕಠಿಣ ಬಳಕೆ" ಎಂಬ ಇನ್ನೊಂದು ಕೋಷ್ಟಕ ಉಂಟು: ಧೂಳು, ನಿಂತು ನಿಂತು ಸಾಗುವ ಟ್ರಾಫಿಕ್ ಇದ್ದರೆ ಆಯಿಲ್ ಬೇಗ ಬದಲಿಸಬೇಕು. ತುಮಕೂರು ರಸ್ತೆಯ ಗೊರಗುಂಟೆಪಾಳ್ಯ ದಾಟುವ ಕಾರು ಅದರಲ್ಲಿ ಬರುವುದಿಲ್ಲ ಅನ್ನಲು ಧೈರ್ಯ ಬೇಕು.

ಉತ್ತರ 4: ಜಾಬ್‌ಕಾರ್ಡ್

ಮೇಲೆ ಬಿಟ್ಟುಹೋದದ್ದು. ಕ್ಲೇಮ್ ಗೆಲ್ಲುವುದು ಜಾಬ್ ಕಾರ್ಡಿನ, ಅಂದರೆ ಕಾರು ಬಿಡುವಾಗ ವರ್ಕ್‌ಶಾಪಿನವರು ದೂರು ಬರೆದುಕೊಳ್ಳುವ ಹಾಳೆಯ ಭಾಷೆಯಲ್ಲಿ. "ಜನರಲ್ ಚೆಕಪ್" ಅಂತ ಬರೆಯಲು ಬಿಡಬೇಡಿ. "ತಣ್ಣಗಿದ್ದಾಗ ಮೊದಲ ಗೇರಿನಿಂದ ಎರಡಕ್ಕೆ ಹೋಗುವಾಗ ಜರ್ಕ್, 41,200 ಕಿ.ಮೀ.ನಿಂದ" ಹೀಗಿರಬೇಕು. ಎಂಜಿನ್ ದೀಪ ಹೊತ್ತಿದ್ದರೆ ಕೋಡ್ ಅಳಿಸುವ ಮುಂಚೆ ಸ್ಕ್ಯಾನ್ ಪ್ರಿಂಟ್ ಕೇಳಿ. ಪಿ0300 ಅಂದರೆ ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು), ಪಿ0420 ಅಂದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ದಕ್ಷತೆ ಕುಸಿದದ್ದು. ಮಿಸ್‌ಫೈರನ್ನು ಹಾಗೇ ಬಿಟ್ಟರೆ ಸುಡದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನೂ ಸುಡುತ್ತದೆ. ಆಗ "ದೀಪ ಹೊತ್ತಿದ ಮೇಲೂ ಓಡಿಸಿದ್ದೀರಿ" ಅನ್ನುವ ಉತ್ತರ ಸಿದ್ಧವಾಗಿರುತ್ತದೆ.

ಬಂದು ಹೋಗುವ ದೋಷವಾದರೆ "ದೋಷ ಕಂಡುಬಂದಿಲ್ಲ" ಅಂತಾದರೂ ಲಿಖಿತವಾಗಿ ಪಡೆಯಿರಿ, ಅದೇ ದಿನ ಕಂಪನಿಯ ಕಸ್ಟಮರ್ ಕೇರಿಗೆ ಇಮೇಲ್ ಹಾಕಿ. ವಾರಂಟಿಯೊಳಗೆ ದಾಖಲಾದ ದೂರು ಅವಧಿ ಮುಗಿದ ಮೇಲೆ ಉಲ್ಬಣಿಸಿದರೂ ಹಿಡಿಯಲು ಒಂದು ತುದಿ ಇರುತ್ತದೆ. ಇನ್ನೊಂದು: ವಾರಂಟಿಯಲ್ಲಿ ಹಾಕಿದ ಹೊಸ ಭಾಗಕ್ಕೆ ಹೊಸದಾಗಿ ಮೂರು ವರ್ಷ ಸಿಗುವುದಿಲ್ಲ, ಕಾರಿನ ಉಳಿದ ಅವಧಿಯಷ್ಟೇ.

ಉತ್ತರ 5: ಚಾರ್ಜರ್_ಚೆನ್ನ

ಎಲೆಕ್ಟ್ರಿಕ್ ನೋಡುತ್ತಿರುವವರಿಗೆ ಒಂದು ಸೇರ್ಪಡೆ. ಬ್ಯಾಟರಿ ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಈಗ "ಲೈಫ್‌ಟೈಮ್" ಬಂದಿದೆ. ಟಾಟಾದಲ್ಲಿ ಲೈಫ್‌ಟೈಮ್ ಅಂದರೆ ಮೊದಲ ನೋಂದಣಿಯಿಂದ 15 ವರ್ಷ, ಅದೂ ಮೊದಲ ಮಾಲೀಕರಿಗೆ. ಮಹೀಂದ್ರ ಬಿಇ 6 ಕೈ ಬದಲಾದರೆ 10 ವರ್ಷ ಅಥವಾ 2 ಲಕ್ಷ ಕಿ.ಮೀ.ಗೆ ಇಳಿಯುತ್ತದೆ. ಹಾಗಾಗಿ ಯಾರ ಲೈಫು ಅಂತ ಕೇಳಿ! ಕೇಳಬೇಕಾದ ಇನ್ನೊಂದು ಅಂಕಿ: ಸಾಮರ್ಥ್ಯ ಶೇಕಡಾ ಎಷ್ಟಕ್ಕಿಂತ ಕೆಳಗಿಳಿದರೆ ಕ್ಲೇಮ್, 70 ಅಥವಾ 80 ಎಂದು ಪುಸ್ತಕದಲ್ಲಿ ಬರೆದಿದೆಯೋ ಇಲ್ಲವೋ. ಬರೆದಿಲ್ಲದಿದ್ದರೆ ರೇಂಜ್ ಕುಗ್ಗುವುದನ್ನು "ಸಹಜ" ಅನ್ನುತ್ತಾರೆ. ಪೂರ್ತಿ ಖಾಲಿಯಾದ ಕಾರನ್ನು ವಾರಗಟ್ಟಲೆ ಹಾಗೇ ನಿಲ್ಲಿಸಿದರೂ ಹೊರಗಿಡುವ ಷರತ್ತು ಇರುತ್ತದೆ, ಊರಿಗೆ ಹೋಗುವವರು ನೆನಪಿಡಿ.

ಉತ್ತರ 6: ಕಲಂ_35

ಕೊನೆಯ ಪ್ರಶ್ನೆಗೆ. ತಿರಸ್ಕಾರವನ್ನು ಬಾಯಿಮಾತಲ್ಲಿ ಒಪ್ಪಬೇಡಿ. ಯಾವ ಷರತ್ತಿನ ಪ್ರಕಾರ ಅಂತ ಷರತ್ತಿನ ಸಂಖ್ಯೆ ಹಾಕಿ ಇಮೇಲ್ ಕೊಡಲು ಕೇಳಿ. ಅರ್ಧದಷ್ಟು ನಿರಾಕರಣೆಗಳು ಈ ಹಂತದಲ್ಲೇ ಮೆತ್ತಗಾಗುತ್ತವೆ ಅಂತ ನನ್ನ ಅನಿಸಿಕೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗೆ ಅಲ್ಲಿಯೇ. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ವಕೀಲರು ಕಡ್ಡಾಯವಲ್ಲ. ಡೀಲರ್, ತಯಾರಕ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ.

ವಾರಂಟಿ ಪುಸ್ತಕದಲ್ಲಿ "ವ್ಯಾಜ್ಯಗಳು ಇಂಥ ನಗರದ ನ್ಯಾಯಾಲಯಕ್ಕೆ ಮಾತ್ರ" ಎಂದಿದ್ದರೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ವಾಸಿಸುವ ಅಥವಾ ದುಡಿಯುವ ಜಾಗದಲ್ಲೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಕೊಂಡ ಕಾರಿಗೆ ತುಮಕೂರಿನಲ್ಲೇ ಆಗುತ್ತದೆ. ಅವಧಿ ಎರಡು ವರ್ಷ, ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ. ಟ್ಯಾಕ್ಸಿ ಇಟ್ಟವರು "ವಾಣಿಜ್ಯ ಉದ್ದೇಶ" ಅನ್ನುವ ಕಾರಣಕ್ಕೆ ಹೊರಬೀಳಬಹುದು, ಸ್ವಂತ ಜೀವನೋಪಾಯಕ್ಕೆ ತಾವೇ ದುಡಿಯುವವರಿಗೆ ವಿನಾಯಿತಿ ಇದೆ.

ದೂರಿನಲ್ಲಿ ಏನು ಕೇಳುತ್ತೀರಿ ಅನ್ನುವುದನ್ನೂ ಯೋಚಿಸಿ. "ತಯಾರಿಕಾ ದೋಷ, ಕಾರನ್ನೇ ಬದಲಿಸಿ" ಅಂದರೆ ತಜ್ಞರ ವರದಿ ಬೇಕಾಗುತ್ತದೆ, ಪರೀಕ್ಷೆಯ ಶುಲ್ಕ ದೂರುದಾರರೇ ಮೊದಲು ಕಟ್ಟಬೇಕಾಗಬಹುದು. "ಕರಾರಿನಲ್ಲಿರುವ ಭಾಗವನ್ನು ಬದಲಿಸಲಿಲ್ಲ, ಕಟ್ಟಿಸಿಕೊಂಡ ಬಿಲ್ ವಾಪಸ್ ಕೊಡಿ" ಅನ್ನುವುದು ಸಣ್ಣ ಬೇಡಿಕೆ. ಅದಕ್ಕೆ ಕರಾರು, ಜಾಬ್ ಕಾರ್ಡ್, ಬಿಲ್ ಮೂರು ಕಾಗದ ಬಹುಪಾಲು ಸಾಕು.

ತುಮಕೂರು_ಟು_ಬೆಂಗ್ಳೂರು

ನಾಳೆ ಶೋರೂಮಿಗೆ: ಪೂರ್ತಿ ಕರಾರಿನ ಪಿಡಿಎಫ್, ಪ್ಯಾಕೇಜ್ ತಯಾರಕರದೋ ಡೀಲರದೋ, 4ನೇ ಮತ್ತು 5ನೇ ವರ್ಷದ ಬೆಲೆ ಬೇರೆ ಬೇರೆ, ರಬ್ಬರ್ ಭಾಗಗಳ ಪಟ್ಟಿ. ಕರಾರು ಕೊಡದಿದ್ದರೆ ಈಗ ಮೂಲ ವಾರಂಟಿ ಮಾತ್ರ, ಉಳಿದದ್ದು 90,000 ಕಿ.ಮೀ. ದಾಟುವ ಮುಂಚೆ ನೋಡಿದರಾಯಿತು.

ಜಾಬ್‌ಕಾರ್ಡ್

80,000ಕ್ಕೇ ನೋಡಿ. ನಿಮ್ಮ ಓಟದಲ್ಲಿ ಹತ್ತು ಸಾವಿರ ಕಿ.ಮೀ. ಅಂದರೆ ಒಂದು ಮಳೆಗಾಲವೂ ಅಲ್ಲ.