ಸಹಾಯ ಬೇಕು: ತೊಗಲುಗೊಂಬೆಯ ನೆರಳನ್ನು ಕಂಪ್ಯೂಟರ್ ಪರದೆಗೆ ತರುವ ಪ್ರಾಜೆಕ್ಟ್

ಗುಂಪಿನ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ಕೊಪ್ಪಳದಲ್ಲಿ ಕಂಪ್ಯೂಟರ್ ಸೈನ್ಸ್ ಅಂತಿಮ ವರ್ಷದಲ್ಲಿ ಓದುತ್ತಿರುವ ನಾವು ಮೂವರು, ನೋಡುಗರು ಕ್ಯಾಮೆರಾದ ಮುಂದೆ ಕೈಯಾಡಿಸಿದಂತೆ ಪರದೆಯ ಮೇಲೆ ತೊಗಲುಗೊಂಬೆ ಕುಣಿಯುವಂಥ ಪ್ರಾಜೆಕ್ಟೊಂದನ್ನು ಚಿತ್ರ ಬಿಡಿಸಲು ನೆರವಾಗುವ ಜಾವಾಸ್ಕ್ರಿಪ್ಟ್ ಲೈಬ್ರರಿಯಾದ ಪಿ5.ಜೆಎಸ್ ಬಳಸಿ ಸಿದ್ಧಪಡಿಸುತ್ತಿದ್ದೇವೆ. 2025ರಲ್ಲಿ ಪದ್ಮಶ್ರೀಗೆ ಆಯ್ಕೆಯಾದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರ ಊರಾದ ಮೋರನಾಳ ನಮ್ಮ ಜಿಲ್ಲೆಯಲ್ಲೇ ಇರುವಾಗ, ವಿಷಯ ಹುಡುಕಿಕೊಂಡು ದೂರ ಹೋಗುವ ಅಗತ್ಯ ನಮಗೆ ಕಾಣಲಿಲ್ಲ.

ಭುಜ ತಿರುಗಿದರೆ ಮುಂಗೈಯೂ ಜೊತೆಗೆ ಸಾಗುವಂತೆ ಕೀಲುಗಳನ್ನು ಜೋಡಿಸಿದ್ದಾಗಿದೆ. ತೊಡಕಿರುವುದು ಬೆಳಕಿನಲ್ಲಿ. ಹದಮಾಡಿದ ತೊಗಲು ಅರೆಪಾರದರ್ಶಕವಾದ್ದರಿಂದ ಪರದೆಯ ಮೇಲೆ ಬೀಳುವುದು ಬರಿಯ ಕಪ್ಪು ನೆರಳಲ್ಲ, ಬಣ್ಣದ ನೆರಳು. ಎರಡು ಗೊಂಬೆಗಳು ಒಂದರ ಮೇಲೊಂದು ಬಂದಾಗ ಆ ಬಣ್ಣ ಗಾಢವಾಗುವುದನ್ನು ಬಣ್ಣಗಳ ಮೌಲ್ಯವನ್ನು ಪರಸ್ಪರ ಗುಣಿಸುವ ಮಲ್ಟಿಪ್ಲೈ ಬ್ಲೆಂಡಿಂಗ್‌ನಿಂದ ಸಾಧಿಸಿದ್ದೇವೆ. ಆದರೆ ಗೊಂಬೆಯನ್ನು ಪರದೆಯಿಂದ ಹಿಂದಕ್ಕೆ ವಾಲಿಸಿದಾಗ, ಪರದೆಗೆ ತಾಗಿದ ಪಾದ ಸ್ಪಷ್ಟವಾಗಿಯೂ ದೂರ ಸರಿದ ತಲೆ ಮಸುಕಾಗಿಯೂ ಕಾಣಬೇಕಾದಲ್ಲಿ, ನಮ್ಮ ಶೇಡರ್ (ಪ್ರತಿ ಪಿಕ್ಸೆಲ್ ಬಣ್ಣವನ್ನು ಲೆಕ್ಕಹಾಕುವ ಪುಟ್ಟ ಪ್ರೋಗ್ರಾಂ) ಇಡೀ ಗೊಂಬೆಯನ್ನು ಒಂದೇ ಸಮನಾಗಿ ಮಸುಕುಗೊಳಿಸುತ್ತದೆ. ದೂರಕ್ಕೆ ತಕ್ಕಂತೆ ಪ್ರತಿ ಪಿಕ್ಸೆಲ್‌ನ ಬ್ಲರ್ ಬದಲಿಸಲು ಯತ್ನಿಸಿದರೆ ನಮ್ಮ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ.

ವೆಬ್‌ಜಿಎಲ್ (ಬ್ರೌಸರಿನಲ್ಲಿ ಗ್ರಾಫಿಕ್ಸ್ ಮೂಡಿಸುವ ತಂತ್ರಜ್ಞಾನ) ಶೇಡರ್ ಬರೆದು ಅನುಭವವಿರುವವರು ಇದಕ್ಕೆ ಹಗುರವಾದ ವಿಧಾನವನ್ನು ತಿಳಿಸಬೇಕೆಂದು ವಿನಂತಿ. ಜೊತೆಗೆ, ಮೇಳದವರ ಪರಿಚಯವಿರುವವರು, ಅವರ ಒಪ್ಪಿಗೆ ಪಡೆದು, ಹಿಂದಿನಿಂದ ಬೆಳಕು ಬಿಟ್ಟು ಗೊಂಬೆಗಳ ಫೋಟೊ ತೆಗೆಯಲು ನೆರವಾದರೆ ದೊಡ್ಡ ಉಪಕಾರವಾಗುತ್ತದೆ. ಈಗ ಬಳಸುತ್ತಿರುವುದು ನಾವೇ ಬಿಡಿಸಿದ ಚಿತ್ರ, ಅದರ ಹನುಮಂತನನ್ನು ನಮ್ಮ ಮನೆಯವರೇ ಗುರುತಿಸಲಿಲ್ಲ.