ಅಪ್‌ಡೇಟ್: ಬ್ಲಾಗಿನಲ್ಲಿ ಪ್ರಾಯೋಜಿತ ಬರಹ, ಕೊನೆಗೂ ಒಂದು ಒಪ್ಪಿಕೊಂಡೆ

ನನ್ನ ಮಲೆನಾಡು ಅಡುಗೆ ಬ್ಲಾಗಿಗೆ ಎಣ್ಣೆ ಕಂಪನಿಯೊಂದು ದುಡ್ಡು ಕೊಟ್ಟು ಬರಹ ಹಾಕಿಸುತ್ತದಂತೆ, ಆದರೆ ‘ಜಾಹೀರಾತು’ ಅಂತ ಎಲ್ಲೂ ಹೇಳಬಾರದಂತೆ, ಒಪ್ಪಲೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಅವರಿಗೆ ಆಗಲ್ಲ ಅಂದೆ. ದುಡ್ಡು ಪಡೆದಿದ್ದರೆ ಓದುಗರ ಕಣ್ಣಿಗೆ ಬೀಳುವಂತೆ ತಿಳಿಸಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಹೇಳಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ 2023ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಅಸಲಿಗೆ ಆ ಕಂಪನಿಗೆ ಬೇಕಿದ್ದದ್ದು ನನ್ನ ಓದುಗರಲ್ಲ, ಗೂಗಲ್ ಹುಡುಕಾಟದಲ್ಲಿ ಅವರ ಸೈಟ್ ಮೇಲೆ ಬರಲು ನೆರವಾಗುವ ಲಿಂಕ್. ಹಣ ಪಡೆದ ಲಿಂಕಿಗೆ ಕೋಡಿನಲ್ಲಿ ‘ಸ್ಪಾನ್ಸರ್ಡ್’ ಗುರುತು ಹಾಕಿ ಎನ್ನುತ್ತದೆ ಗೂಗಲ್; ಹಾಕಿದರೆ ಸಾಮಾನ್ಯವಾಗಿ ಆ ಲಾಭ ಸಿಗುವುದಿಲ್ಲ. ಹಾಕುತ್ತೇನೆ ಅಂದದ್ದೇ ತಡ, ಮೇಲ್ ಬರುವುದೇ ನಿಂತಿತು.

ಆಮೇಲೆ ನಮ್ಮ ಕಡೆಯ ಗಾಣದವರೊಬ್ಬರ ಜೊತೆ ಮಾತಾಯಿತು. ಬರಹದ ಮೇಲ್ಗಡೆಯೇ ‘ಪ್ರಾಯೋಜಿತ’ ಎಂಬ ಸಾಲು, ಅರ್ಧ ದುಡ್ಡು ಮುಂಗಡ. ಎಣ್ಣೆಯ ವಿವರ ತಪ್ಪಿದ್ದರೆ ಅವರು ತಿದ್ದಬಹುದು, ನನ್ನ ಅಭಿಪ್ರಾಯ ತಿದ್ದುವಂತಿಲ್ಲ. ಇಷ್ಟನ್ನೂ ಮೊದಲೇ ಮೇಲ್‌ನಲ್ಲಿ ಬರೆಸಿಕೊಂಡೆ. ಅವರ ಕೊಬ್ಬರಿ ಎಣ್ಣೆಯಲ್ಲಿ ಪತ್ರೊಡೆಗೆ ಒಗ್ಗರಣೆ ಹಾಕಿದಾಗ ಘಮ ಅಡುಗೆಮನೆ ದಾಟಿ ಜಗಲಿಗೆ ಬಂತು. ಹಪ್ಪಳ ಕರಿಯಲು ಮಾತ್ರ ಈ ಎಣ್ಣೆ ದುಬಾರಿ. ಎರಡನ್ನೂ ಬರೆದೆ. ದುಬಾರಿ ಎಂದ ಸಾಲು ತೆಗೆಯಿರಿ ಅಂತ ಗಾಣದವರು ಕೇಳಲೇ ಇಲ್ಲ, ಅದು ನನಗೆ ತುಂಬಾ ಖುಷಿ ಕೊಟ್ಟಿತು.

ತೆರಿಗೆ ಬಗ್ಗೆ ಕೇಳಿದವರಿಗೆ: ಈ ಹಣವನ್ನೂ ರಿಟರ್ನ್ಸ್‌ನಲ್ಲಿ ತೋರಿಸಬೇಕು, ನಾನು ತೋರಿಸುತ್ತೇನೆ. ಬಿಲ್ಲಿನ ನಮೂನೆ ಬೇಕಿದ್ದವರು ಹೇಳಿ, ಹಂಚಿಕೊಳ್ಳುತ್ತೇನೆ.