ಅನುಭವ ಹಂಚಿಕೆ: ದಕ್ಷಿಣ ಸುಡಾನಿನಲ್ಲಿ ಶಾಂತಿ ಸಮಿತಿ ಕಟ್ಟುವ ಕೆಲಸ, ಹೋಗಲೇ?

ಕೇಳಿದವಳು, ಧಾರವಾಡ:
ಜೊಂಗ್ಲೇ ರಾಜ್ಯದಲ್ಲಿ ಡಿಂಕಾ, ನುಏರ್, ಮುರ್ಲೆ ಜನರ ನಡುವೆ ಊರಮಟ್ಟದ ಶಾಂತಿ ಸಮಿತಿಗಳನ್ನು ಕಟ್ಟುವ ಕೆಲಸ ಸಿಕ್ಕಿದೆ. ಎರಡು ವರ್ಷದ ಕರಾರು, ಬೋರ್ ಪಟ್ಟಣದಲ್ಲಿ ವಾಸ. ನಾಲ್ಕು ವರ್ಷದ ಮಗಳನ್ನು ಅಜ್ಜಿಯ ಬಳಿ ಬಿಡಬೇಕು. ಇಂತಹ ಕಡೆ ದುಡಿದವರು ದಯವಿಟ್ಟು ಅನುಭವ ತಿಳಿಸಿ.

ನಿವೃತ್ತ ಸುಬೇದಾರ್, ಕೊಡಗು:
2012ರ ನವೆಂಬರ್ 20ರಂದು ಕಾಂಗೋದ ಗೋಮಾ ನಗರ ಎಂ23 ಬಂಡುಕೋರರ ಕೈಸೇರಿದಾಗ ನಾನು ವಿಶ್ವಸಂಸ್ಥೆಯ ಶಾಂತಿಪಾಲಕರ ನೀಲಿ ಹೆಲ್ಮೆಟ್ ಹಾಕಿಕೊಂಡು ಆ ನಗರವಿರುವ ಉತ್ತರ ಕಿವು ಪ್ರಾಂತ್ಯದಲ್ಲಿದ್ದೆ. ಸರ್ಕಾರಿ ಸೈನ್ಯಕ್ಕೆ ಬೆಂಬಲ ಕೊಡಬೇಕಿತ್ತು. ಆ ಸೈನ್ಯವೇ ಊರು ಬಿಟ್ಟ ಮೇಲೆ ಯಾರಿಗೆ ಕೊಡುವುದು? ಮರುದಿನ ನಮ್ಮ ಗಾಡಿಗೆ ಕಲ್ಲು ಬಿತ್ತು. ಎಸೆದವನು ಹತ್ತು ವರ್ಷದ ಹುಡುಗ. ಹಿಂದಿನ ವಾರ ಹಳದಿ ಕ್ಯಾನು ಹಿಡಿದು ನಮ್ಮ ಟ್ಯಾಂಕರಿನ ಮುಂದೆ ನೀರಿಗೆ ನಿಂತಿದ್ದವನು. ಆ ಕ್ಯಾನು ಇವತ್ತಿಗೂ ಕಣ್ಣಿಗೆ ಕಟ್ಟಿದೆ. 2013ರ ಮಾರ್ಚ್‌ನಲ್ಲಿ ಭದ್ರತಾ ಮಂಡಳಿ 2098ನೇ ನಿರ್ಣಯದಿಂದ ಮುಂದಾಗಿ ದಾಳಿ ಮಾಡುವ ಅಧಿಕಾರವುಳ್ಳ ಬ್ರಿಗೇಡ್ ರಚಿಸಿತು. ತಾಂಜಾನಿಯಾ, ದಕ್ಷಿಣ ಆಫ್ರಿಕಾ, ಮಲಾವಿಯ ಸೈನಿಕರು ಬಂದರು, ನವೆಂಬರಿನಲ್ಲಿ ಎಂ23 ಸೋತಿತು. ಕೋವಿಯ ಆಸರೆ ಇಲ್ಲದ ಸಮಿತಿ ನಿಲ್ಲುವುದಿಲ್ಲ. ನನಗೆ ಮಲೇರಿಯಾ ಮೂರು ಸಲ ಬಂತು, ಹನ್ನೊಂದು ಕಿಲೋ ಇಳಿದೆ, ಕ್ವಿನೈನ್ ನುಂಗಿದಾಗ ಶುರುವಾದ ಎಡಗಿವಿಯ ಮೊರೆತ ಇನ್ನೂ ನಿಂತಿಲ್ಲ. ಹೋಗಿದ್ದಕ್ಕೆ ಪಶ್ಚಾತ್ತಾಪವಿಲ್ಲ.

ಮನ್ರೋವಿಯಾದಲ್ಲಿ ಇದ್ದವಳು, ಬೆಳಗಾವಿ:
ಸುಬೇದಾರರೇ, ಸೋತ ಎಂ23 2025ರ ಜನವರಿಯಲ್ಲಿ ಗೋಮಾವನ್ನು ಮತ್ತೆ ಹಿಡಿಯಿತು. ಅದನ್ನೇಕೆ ಬಿಟ್ಟಿರಿ? ನಾನು ಲೈಬೀರಿಯಾಕ್ಕೆ ಹೋದ ಭಾರತದ ಮಹಿಳಾ ಪೊಲೀಸ್ ತುಕಡಿಯವಳು. 2007ರಲ್ಲಿ ಮೊದಲ ತಂಡ ಹೋಯಿತು, 2016ರಲ್ಲಿ ಕೊನೆಯದು ಮರಳಿತು. ನನ್ನ ಅವಧಿಯಲ್ಲಿ ಒಂದು ಗುಂಡೂ ಹಾರಿಸಲಿಲ್ಲ. ರಾತ್ರಿ ಗಸ್ತಿನಲ್ಲಿ ಬೀದಿದೀಪವಿಲ್ಲದ ಓಣಿಗಳಲ್ಲಿ ಟಾರ್ಚ್ ಹಿಡಿದು ನಡೆಯುತ್ತಿದ್ದೆವು. ಗಂಡಸು ಪೊಲೀಸರ ಮುಂದೆ ಬಾಯಿ ಬಿಡದ ಹೆಂಗಸರು ನಮ್ಮ ಕೈ ಹಿಡಿದುಕೊಂಡು ಹೇಳುತ್ತಿದ್ದರು. 2003ರಲ್ಲಿ ಘಾನಾದ ಅಕ್ರಾದಲ್ಲಿ ಲೈಬೀರಿಯಾದ ಅಂತರ್ಯುದ್ಧ ನಿಲ್ಲಿಸುವ ಮಾತುಕತೆ ನಡೆಯುತ್ತಿದ್ದ ಸಭಾಂಗಣದ ಬಾಗಿಲಿಗೆ ಅಡ್ಡ ಕುಳಿತು ಒಪ್ಪಂದ ಮಾಡಿಯೇ ಹೊರಬನ್ನಿ ಎಂದವರು ಆ ದೇಶದ ಹೆಂಗಸರು. ಅವರ ಮುಂದಾಳು ಲೇಮಾ ಗ್ಬೋವೀ ಅವರಿಗೆ 2011ರಲ್ಲಿ ನೊಬೆಲ್ ಬಂತು. ನಾನು ಕಳೆದುಕೊಂಡದ್ದು ಬೇರೆ. ಹೊರಟಾಗ ಮಗನಿಗೆ ಹದಿನಾಲ್ಕು ತಿಂಗಳು. ಮರಳಿದಾಗ ನನ್ನ ತಂಗಿಯನ್ನು ಅಮ್ಮ ಎನ್ನುತ್ತಿದ್ದ, ನನ್ನನ್ನು ಕಂಡು ಬಾಗಿಲ ಹಿಂದೆ ಅಡಗಿದ. ಎಂಟು ತಿಂಗಳು ನನ್ನ ಕೈತುತ್ತು ತಿನ್ನಲಿಲ್ಲ.

ಬೋರ್‌ನಲ್ಲಿ ಎರಡೂವರೆ ವರ್ಷ, ಮೈಸೂರು:
ಇಬ್ಬರೂ ಸಮವಸ್ತ್ರದವರು. ಸಮಿತಿಯ ಲೆಕ್ಕ ನಾನು ಹೇಳುತ್ತೇನೆ. ಒಂದು ಸಭೆ, ಮೂರು ದಿನ, ಅರವತ್ತು ಜನ. ಸಣ್ಣ ವಿಮಾನದ ಬಾಡಿಗೆ 5,400 ಡಾಲರ್, ಎರಡು ಮೂಟೆ ಸಕ್ಕರೆ, ನಾಲ್ಕು ಟಾರ್ಪಾಲು, ಒಂದು ಹೋರಿ. ಬಂದವರಿಗೆ ದಿನಕ್ಕೆ ಐದು ಡಾಲರ್ ಭತ್ಯೆ. ಪಕ್ಕದ ಸಂಸ್ಥೆ ಎಂಟು ಕೊಟ್ಟದ್ದೇ ನಮ್ಮ ಮುಂದಿನ ಸಭೆಗೆ ಬಂದದ್ದು ಹದಿನೇಳೇ ಜನ. 2015ರ ಡಿಸೆಂಬರ್‌ನಲ್ಲಿ ದಕ್ಷಿಣ ಸುಡಾನಿನ ನಾಣ್ಯವಾದ ಪೌಂಡಿನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಾಗ ಡಾಲರಿಗೆ ಮೂರರಷ್ಟಿದ್ದದ್ದು ಹದಿನೆಂಟೂವರೆಯಾಯಿತು. ಪೌಂಡಿನಲ್ಲಿ ಸಂಬಳ ಪಡೆಯುತ್ತಿದ್ದ ನಮ್ಮ ಸ್ಥಳೀಯ ಸಹೋದ್ಯೋಗಿಗಳು ಮಧ್ಯಾಹ್ನದ ಊಟ ಬಿಟ್ಟರು. ಹಿರಿಯರು ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿದ ಹನ್ನೊಂದನೇ ದಿನ ದನದ ಬೀಡುಗಳ ಹುಡುಗರು ಮತ್ತೆ ದನ ಹೊಡೆದುಕೊಂಡು ಹೋದರು, ಎರಡು ಮಕ್ಕಳನ್ನೂ ಒಯ್ದರು. ಆ ಹುಡುಗರಲ್ಲಿ ಒಬ್ಬನನ್ನೂ ನಾವು ಸಭೆಗೆ ಕರೆದಿರಲಿಲ್ಲ. ತೆರ ಕೊಡುವುದು ದನದಲ್ಲಿ, ದನವಿಲ್ಲದವನಿಗೆ ಮದುವೆಯಿಲ್ಲ. ಆ ತಪ್ಪು ನನ್ನದು. ಪಟ್ಟಿ ಮಾಡಿದವನು ನಾನೇ.

ಪಶುವೈದ್ಯ, ಬೀದರ್:
ಭತ್ಯೆ ಕೊಟ್ಟು ಶಾಂತಿ ಮಾತನಾಡಿಸಿದ್ದೇ ಕೆಟ್ಟದ್ದು. ದಕ್ಷಿಣ ಸುಡಾನಿನದೇ ಮಲಕಾಲ್ ಪಟ್ಟಣದಲ್ಲಿ ನಮ್ಮ ಸೇನೆಯ ಪಶುವೈದ್ಯರ ತಂಡದಲ್ಲಿದ್ದೆ. ಒಬ್ಬರಿಗೂ ಬಿಡಿಗಾಸು ಕೊಡಲಿಲ್ಲ. ಲಸಿಕೆ ಬಂದಿದೆ ಎಂದರೆ ಸಾಕು, ಒಬ್ಬರ ಮುಖ ಒಬ್ಬರು ನೋಡದವರು ಒಂದೇ ಸಾಲಿನಲ್ಲಿ ದನ ಹಿಡಿದು ನಿಲ್ಲುತ್ತಿದ್ದರು. ಡಿಂಕಾ ಜನ ಮಕ್ಕಳಿಗೆ ಹೋರಿಯ ಬಣ್ಣದ ಹೆಸರಿಡುತ್ತಾರೆ: ಮಾಬಿಯೊರ್ ಎಂದರೆ ಬಿಳಿ, ಮಲುವಾಲ್ ಎಂದರೆ ಕೆಂದು. ಅಂತಹವರ ದನ ಉಳಿಸಿದವನ ಮಾತಿಗೆ ಬೆಲೆ ಇರುತ್ತದೆ. ನೋವೂ ಉಂಡಿದ್ದೇನೆ. ನೈಲ್ ನದಿಯ ದೋಣಿ ನಾಲ್ಕು ದಿನ ತಡವಾಗಿ ಮಂಜುಗಡ್ಡೆ ಕರಗಿತು. ಆರುನೂರು ಡೋಸ್ ಲಸಿಕೆಯನ್ನು ನನ್ನ ಕೈಯಾರೆ ಗುಂಡಿ ತೋಡಿ ಹೂತೆ.

ಬೋರ್‌ನಲ್ಲಿ ಎರಡೂವರೆ ವರ್ಷ, ಮೈಸೂರು:
ಡಾಕ್ಟರೇ, ನಿಮ್ಮ ಹಿಂದೆ ಕಾವಲಿಗೆ ಒಂದು ತುಕಡಿಯೇ ಇತ್ತು. ಮೂರು ದಿನ ಕಾಲ್ನಡಿಗೆಯಲ್ಲಿ ಬರುವ ಮುದುಕನಿಗೆ ಐದು ಡಾಲರ್ ಕೊಟ್ಟರೆ ಅದು ಲಂಚವೇ? ಅವನ ಊಟಕ್ಕೆ ಯಾರು ಕೊಡುತ್ತಾರೆ?

ನೈರೋಬಿ ನಿವಾಸಿ:
ಕೀನ್ಯಾದ ವಜೀರ್ ಪ್ರದೇಶವನ್ನು ನೋಡಿ. 1992-93ರಲ್ಲಿ ಕುಲಗಳು ಹೊಡೆದಾಡುತ್ತಿದ್ದಾಗ ದೇಖಾ ಇಬ್ರಾಹಿಂ ಅಬ್ದಿ ಮತ್ತು ಇತರ ಹೆಂಗಸರು ಸಂತೆಯಿಂದ ಶುರುಮಾಡಿದರು: ಯಾವ ಕುಲದವಳಾದರೂ ಮಾರಬಹುದು, ಕೊಳ್ಳಬಹುದು. ಆಮೇಲೆ ಹಿರಿಯರು, ಯುವಕರು ಸೇರಿದರು. ಆ ಸೀಮೆಯ ಕುಲಗಳ ಒಪ್ಪಂದವಾದ 2001ರ ಮೊದೊಗಾಶೆ ಘೋಷಣೆಯಲ್ಲಿ ಕೊಲೆಗೆ ಪರಿಹಾರವೂ ಗೊತ್ತಾಯಿತು: ಗಂಡಸಿಗೆ ನೂರು ದನ ಅಥವಾ ಒಂಟೆ, ಹೆಂಗಸಿಗೆ ಐವತ್ತು.

ಮನ್ರೋವಿಯಾದಲ್ಲಿ ಇದ್ದವಳು, ಬೆಳಗಾವಿ:
ಸಂತೆ ಉಳಿಸಿದವಳ ಜೀವಕ್ಕೆ ಅರ್ಧ ಬೆಲೆಯೇ? ಇದನ್ನು ಮಾದರಿ ಎಂದು ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ನೈರೋಬಿ ನಿವಾಸಿ:
ಅಕ್ಕಾ, ನನಗೂ ಅದು ಸರಿ ಎನಿಸಿಲ್ಲ. ಆದರೆ ಐವತ್ತು ಒಂಟೆ ಕೊಟ್ಟ ವರ್ಷ ಸೇಡಿನ ಕೊಲೆ ಆಗುವುದಿಲ್ಲ.

ನಿವೃತ್ತ ಸುಬೇದಾರ್, ಕೊಡಗು:
ಕೊಡದಿದ್ದರೆ? ವಸೂಲಿಗೆ ಕೊನೆಗೆ ಪೊಲೀಸರೇ ಬೇಕು. ನಾನು ಮೊದಲೇ ಹೇಳಿದ್ದು ಇದನ್ನೇ.

ಕೇಳಿದವಳು, ಧಾರವಾಡ:
ಎಲ್ಲರಿಗೂ ವಂದನೆ. ರಾಜಧಾನಿ ಜುಬಾದಿಂದ ಬೋರ್‌ಗೆ ರಸ್ತೆಯಲ್ಲಿ ಹೋಗಬಹುದೇ? ಮಗಳಿಗೆ ದಿನವೂ ಫೋನ್ ಮಾಡಲು ಆಗುತ್ತದೆಯೇ?

ಬೋರ್‌ನಲ್ಲಿ ಎರಡೂವರೆ ವರ್ಷ, ಮೈಸೂರು:
ಸುಮಾರು 200 ಕಿಲೋಮೀಟರ್. ಮಳೆ ಹಿಡಿಯುವ ಮುನ್ನ ಹೋಗಿ, ಒಂಟಿ ಗಾಡಿಯಲ್ಲಿ ಬೇಡ. ನಾನಿದ್ದಾಗ ಫೋನ್ ವಾರಕ್ಕೆ ಎರಡು ದಿನ ಸಿಕ್ಕರೆ ಹೆಚ್ಚು. ಮತ್ತೆ, ಮೊದಲ ಪಟ್ಟಿಯಲ್ಲೇ ಬೀಡಿನ ಹುಡುಗರ ಹೆಸರು ಬರೆಯಿರಿ.